ಲಾರಿ ಓಡಿಸಿದವನ ಹೆಸರಿನ ಕಲ್ಲು

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಹೆಚ್ಚುಕಡಿಮೆ ಒಂದೇ ವಿಷಯದವು: ಕಾದಿ ಸತ್ತವರನ್ನು, ಸೈನ್ಯದಲ್ಲಿದ್ದು ಸತ್ತವರನ್ನು ನೆನೆಯುವುದು ಹೇಗೆ ಅಂತ. ಹಾಗಾಗಿ ಈ ಸಲ ಅವಕ್ಕೇ ಜಾಗ. ಮಗಳ ಗಣಿತದ ಬಗ್ಗೆ ಕೇಳಿದ್ದ ಕೃಷ್ಣರಾಜನಗರದವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಾಳಿಕೊಳ್ಳಿ.

ಪ್ರಶ್ನೆ: ಟೀಚರ್, ನನ್ನ ಮಗ ಎಂಟನೇ ಕ್ಲಾಸು. ಜುಲೈ 26ಕ್ಕೆ ಅವನ ಶಾಲೆಯಲ್ಲಿ ಕಾರ್ಗಿಲ್ ವಿಜಯ ದಿವಸ ಮಾಡಿದರು. ಮಕ್ಕಳ ಕೈಗೆ ರಟ್ಟಿನ ಬಂದೂಕು ಕೊಟ್ಟು ನಾಟಕ ಆಡಿಸಿದರು. ನನ್ನ ಮಗ ಎದೆಗೆ ಕೆಂಪು ಬಣ್ಣ ಬಳಿದುಕೊಂಡು, ಜೈಕಾರ ಹಾಕಿ, ಸತ್ತುಬಿದ್ದ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ನನಗೆ ಕೈ ಎತ್ತೋಕೆ ಆಗಲಿಲ್ಲ. ಮನೆಗೆ ಬಂದ ಮೇಲೆ ನಮ್ಮ ಯಜಮಾನರು 'ಯೋಧರು ಅಂದ್ರೆ ನಿನಗೆ ಗೌರವ ಇಲ್ಲ' ಅಂದರು. ಮಗನೂ ಮುಖ ಊದಿಸಿಕೊಂಡ. ಸತ್ತ ಸೈನಿಕರನ್ನು ಹೀಗೆ ನೆನೆಯುವುದು ಗೌರವವಾ, ಇಲ್ಲ ಯುದ್ಧವನ್ನು ಮೆರೆಸುವುದಾ? ನನ್ನದು ತಪ್ಪಾ?
– ಒಬ್ಬ ತಾಯಿ, ಮಂಡ್ಯ ತಾಲ್ಲೂಕು

ಉತ್ತರ: ನಿಮ್ಮದು ತಪ್ಪಲ್ಲಮ್ಮ. ನಿಮ್ಮ ಯಜಮಾನರದ್ದೂ ಪೂರ್ತಿ ತಪ್ಪಲ್ಲ. ಈ ಪ್ರಶ್ನೆಗೆ ನನ್ನ ಹತ್ತಿರ ಪುಸ್ತಕದ ಉತ್ತರ ಇಲ್ಲ, ನಮ್ಮ ಮನೆಯದೊಂದು ಉತ್ತರ ಇದೆ. ಅದನ್ನೇ ಹೇಳುತ್ತೇನೆ.

ನನ್ನ ತವರು ಮದ್ದೂರು ತಾಲ್ಲೂಕು, ಶಿಂಷಾ ಹೊಳೆಗೆ ಹತ್ತಿರ. ನಮ್ಮ ದೊಡ್ಡಣ್ಣ ಹದಿನೆಂಟಕ್ಕೇ ಲಾರಿ ಸ್ಟೇರಿಂಗ್ ಹಿಡಿದವನು. ಮಂಡ್ಯದ ಸಕ್ಕರೆ ಕಾರ್ಖಾನೆಗೆ, ನಮ್ಮ ಕಡೆಯವರ ಬಾಯಲ್ಲಿ ಮೈಷುಗರ್‌ಗೆ, ಕಬ್ಬಿನ ಲಾರಿ ಓಡಿಸುತ್ತಿದ್ದ. 1968ರಲ್ಲಿ ಸೈನ್ಯಕ್ಕೆ ಸೇರಿದ. ದೇಶಸೇವೆ ಅಂತ ಅವನು ಹೇಳಿದ್ದು ನಾನು ಕೇಳಿಲ್ಲ. ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತೆ, ಅಪ್ಪನ ಸಾಲ ತೀರುತ್ತೆ ಅಂತ ಹೇಳಿದ್ದು ಕೇಳಿದ್ದೇನೆ. ಅಲ್ಲೂ ಅವನಿಗೆ ಕೊಟ್ಟದ್ದು ಲಾರಿಯನ್ನೇ.

1971ರ ಯುದ್ಧ ಶುರುವಾದದ್ದು ಡಿಸೆಂಬರ್ 3ಕ್ಕೆ, ಮುಗಿದದ್ದು 16ಕ್ಕೆ. ಆ ಎರಡು ವಾರದೊಳಗೆ ಒಂದು ರಾತ್ರಿ ಕಾಶ್ಮೀರದ ಘಾಟಿಯಲ್ಲಿ ಅವನ ಲಾರಿ ಕಂದಕಕ್ಕೆ ಬಿತ್ತು. ಗೋಧಿ ಹಿಟ್ಟಿನ ಮೂಟೆ, ಸೀಮೆಎಣ್ಣೆ ಡಬ್ಬ ತುಂಬಿತ್ತಂತೆ. ಚಕ್ರಕ್ಕೆ ಸರಪಳಿ ಕಟ್ಟಿದ್ದರೂ ಹಿಮದ ಮೇಲೆ ಜಾರಿತಂತೆ. ಇದನ್ನೆಲ್ಲ ಬರೆದವನು ಅವನ ಜೊತೆಯ ಡ್ರೈವರ್ ಒಬ್ಬ, ಹಿಂದಿಯಲ್ಲಿ. ನಮಗೆ ಓದಿ ಹೇಳಿದವರು ಮದ್ದೂರಿನ ಒಬ್ಬ ಹಿಂದಿ ಮೇಷ್ಟ್ರು. ಅದಕ್ಕೆ ಮುಂಚೆ ಟೆಲಿಗ್ರಾಂ ಬಂದಿತ್ತು. ಎರಡು ತಿಂಗಳಾದ ಮೇಲೆ ಒಂದು ಕಪ್ಪು ಟ್ರಂಕು ಬಂತು. ಅದರಲ್ಲಿ ಸ್ವೆಟರು, ಗಡ್ಡ ಹೆರೆಯುವ ಸಾಮಾನು, ಬಿಚ್ಚದ ಒಂದು ಜೊತೆ ಹೇರ್‌ಕ್ಲಿಪ್ಪು. ಕ್ಲಿಪ್ಪು ನನಗೆ ಅಂತ ಕೊಂಡಿದ್ದ. ನನಗೆ ಆಗ ಹದಿನಾಲ್ಕು.

ದೇಹ ಬರಲಿಲ್ಲ. ಆಗೆಲ್ಲ ಹೆಚ್ಚಾಗಿ ಸತ್ತ ಜಾಗದ ಹತ್ತಿರವೇ ಸಂಸ್ಕಾರ ಮುಗಿಸುತ್ತಿದ್ದರು. ಧ್ವಜ ಹೊದಿಸಿದ ಪೆಟ್ಟಿಗೆ ಊರೂರಿಗೆ ಬರುವುದನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದು 1999ರ ಕಾರ್ಗಿಲ್ ಹೊತ್ತಿಗೆ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಜನ ಸತ್ತರಲ್ಲ, ಅವರಲ್ಲಿ ಒಬ್ಬರು ನಮ್ಮ ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಅವತ್ತು ಆ ಜನಸಾಗರ ನೋಡುತ್ತಾ ನನಗೆ ನೆನಪಾದದ್ದು ಆ ಟ್ರಂಕು. ನಮ್ಮ ಅಮ್ಮನಿಗೆ ಮುಟ್ಟಿ ಅಳೋಕೆ ಸ್ವೆಟರು ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ.

1974ರಲ್ಲಿ ಊರಿನ ಹುಡುಗರು ಚಂದಾ ಎತ್ತಿ ಶಾಲೆ ಮುಂದೆ ಒಂದು ಕಲ್ಲು ನೆಟ್ಟರು. ಹೆಸರು, ಇಸವಿ, ಎರಡೇ ಸಾಲು. ಅಲ್ಲಿಂದ ಪ್ರತಿ ಆಗಸ್ಟ್ 15ಕ್ಕೆ ಅಮ್ಮನನ್ನು ವೇದಿಕೆ ಮೇಲೆ ಕೂರಿಸಿ ಹಾರ ಹಾಕೋದು, ಯಾರಾದರೂ ದೊಡ್ಡವರಿಂದ ಭಾಷಣ. ಮೊದಲ ಒಂದೆರಡು ವರ್ಷ ಭಾಷಣದಲ್ಲಿ ಅಣ್ಣ 'ಯುದ್ಧದ ಕಾಲದಲ್ಲಿ ಮಡಿದ'. ಆಮೇಲೆ 'ಶತ್ರುಗಳೊಂದಿಗೆ ಹೋರಾಡಿ ಮಡಿದ'. ಇನ್ನೂ ಸ್ವಲ್ಪ ವರ್ಷಕ್ಕೆ ಮೂವರನ್ನು ಕೊಂದಿದ್ದ. 1986ರ ಹೊತ್ತಿಗೆ ಆ ಮೂರು ಎಂಟಾಗಿತ್ತು! ಆ ವರ್ಷ ಭಾಷಣ ಮಾಡಿದವರು ಕೈಯಲ್ಲಿ ಬಂದೂಕು ಹಿಡಿದ ಹಾಗೆ ಅಭಿನಯ ಬೇರೆ ಮಾಡಿ ತೋರಿಸಿದರು. ಮಕ್ಕಳು ಹೋ ಅಂದವು. ಅಮ್ಮ ಕೂತಲ್ಲಿಂದ ಎದ್ದಳು. ಮೈಕಿನ ಹತ್ತಿರ ಹೋಗಲಿಲ್ಲ, ನಿಂತಲ್ಲೇ ಹೇಳಿದಳು: 'ನನ್ ಮಗ ಯಾರ್ನೂ ಸಾಯ್ಸ್ಲಿಲ್ಲ ಕಣಪ್ಪ. ಲಾರಿ ಓಡುಸ್ತಿದ್ದ. ಹಿಟ್ಟು ತಗೊಂಡೋಗ್ತಿದ್ದ.'

ಎಲ್ಲರೂ ಗಪ್‌ಚುಪ್. ಭಾಷಣಕಾರರಿಗೆ ಮುಂದೆ ಏನು ಹೇಳಬೇಕೋ ತಿಳಿಯಲಿಲ್ಲ. ಹಿಂದೆ ಬೇವಿನ ಮರದ ಕೆಳಗೆ ಕೂತಿದ್ದ, ಜೀವಮಾನವೆಲ್ಲ ಗಾಡಿ ಹೊಡೆದಿದ್ದ ಒಬ್ಬ ಮುದುಕ 'ರಾತ್ರೇಲಿ ಘಾಟಿ ಇಳ್ಸೋದು ಸುಮ್ನೇನಾ' ಅಂದ. ಅಷ್ಟೇ. ಹನ್ನೆರಡು ವರ್ಷದಲ್ಲಿ ನಮ್ಮಣ್ಣನ ಬಗ್ಗೆ ಆ ಮೈದಾನದಲ್ಲಿ ಬಂದ ಮೊದಲ ನಿಜವಾದ ಹೊಗಳಿಕೆ ಅದು ಅಂತ ನಾನು ಈಗಲೂ ಅಂದುಕೊಂಡಿದ್ದೇನೆ.

ನಾನು ಆಗ ಹೊಸ ಟೀಚರು, ತಲೆ ತುಂಬ ಆದರ್ಶ. ಇನ್ನು ಮೇಲೆ ಆ ವೇದಿಕೆ ಹತ್ತಬೇಡ, ನಿನ್ನ ಮಗನ ಹೆಸರಲ್ಲಿ ಅವರು ಯುದ್ಧದ ಜಾಹೀರಾತು ಮಾಡುತ್ತಿದ್ದಾರೆ ಅಂತ ಅಮ್ಮನಿಗೆ ಹೇಳಿದೆ. ಅಮ್ಮ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಡಲೂ ಇಲ್ಲ. 'ನೀ ಬರ್ದೇ ಇದ್ರೆ ಬಿಡು. ಅವನ ಹೆಸ್ರ ಗಟ್ಟಿಯಾಗಿ ಕೂಗೋದು ವರ್ಷಕ್ಕೊಂದಿನ. ಅದ್ನೂ ಬಿಟ್ಬುಡ್ಲಾ?' ಮಾರನೇ ವರ್ಷವೂ ಹೋದಳು. ಬದುಕಿರುವ ತನಕ ಹೋದಳು. ಮೈಕು ಹಿಡಿದವರಿಗೆ ಮುಂಚೆಯೇ 'ಲಾರಿ, ಲಾರಿ ಅನ್ನಿ' ಅಂತ ಹೇಳಿಕೊಡುತ್ತಿದ್ದಳಂತೆ.

ನೋಡಿ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಈ ಎರಡು ಮಾತಿನ ನಡುವೆಯೇ ಇದೆ. ಹೆಸರು ಕೂಗಬೇಕು. ಸುಳ್ಳು ಹೇಳಬಾರದು. ಸತ್ತವನು ಹೇಗೆ ಸತ್ತ, ಯಾಕೆ ಹೋಗಿದ್ದ, ಮನೆಯಲ್ಲಿ ಯಾರಿದ್ದರು ಅನ್ನುವುದನ್ನು ಇದ್ದ ಹಾಗೇ ಹೇಳಿದರೆ ಅದು ಅವನ ಕಾರ್ಯಕ್ರಮ. ಇದಕ್ಕೆ ಬಣ್ಣ ಕಟ್ಟಲು ಹೊರಟರೆ ಅದು ಹೇಳುವವನ ಕಾರ್ಯಕ್ರಮ. ನಿಮ್ಮ ಮಗ ವೇದಿಕೆ ಮೇಲೆ ಬಿದ್ದ ಸಾವು ಒಂದು ಕ್ಷಣದ್ದು, ನೋವಿಲ್ಲದ್ದು, ಚಪ್ಪಾಳೆ ಇರುವಂಥದ್ದು. ಕಾರ್ಗಿಲ್‌ನಲ್ಲಿ ಸತ್ತ 527 ಜನರಲ್ಲಿ ಯಾರಿಗೂ ಅಂಥ ಸಾವು ಸಿಕ್ಕಿರಲಾರದು. ನಿಮ್ಮ ಕೈ ಏಳದೇ ಇದ್ದದ್ದು ಅದಕ್ಕೇ ಇರಬೇಕು. ಅದು ಅಗೌರವ ಅಂತ ನನಗೆ ಅನಿಸುವುದಿಲ್ಲ.

'ಹುತಾತ್ಮ' ಅನ್ನುವ ಪದವನ್ನು ಸೈನ್ಯದ ದಾಖಲೆಗಳಲ್ಲಿ ಬಳಸುವುದಿಲ್ಲ ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ, ಗೊತ್ತಾ? ಕಾಗದದಲ್ಲಿ ಇರುವುದು ಕಾರ್ಯಾಚರಣೆಯಲ್ಲಿ ಸತ್ತ, ಅಪಘಾತದಲ್ಲಿ ಸತ್ತ, ಹೀಗೆ ಒಣ ಮಾತುಗಳು. ಮೊದಲು ಅದನ್ನು ಓದಿದಾಗ ಕೋಪ ಬಂದಿತ್ತು. ಈಗ ಆ ಒಣ ಮಾತೇ ಎಷ್ಟೋ ವಾಸಿ ಅನಿಸುತ್ತೆ.

ಇದು ಹೊಸ ಗೊಂದಲವೇನಲ್ಲ. ನಮ್ಮ ಹಳೇ ವೀರಗಲ್ಲುಗಳಲ್ಲೂ ಇದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ, ಕೈಲಾಸ. ಎಷ್ಟೋ ಕಲ್ಲುಗಳ ಮೇಲೆ ಒಂದೇ ಶ್ಲೋಕ: 'ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ.' ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು, ಈ ಕ್ಷಣಭಂಗುರ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆ ಯಾಕೆ ಅಂತ. ಇದು ಭರ್ತಿ ಮಾಡಿಕೊಳ್ಳುವವನ ಮಾತು, ಅಲ್ವಾ? ಸತ್ತವನ ತಾಯಿ ಹೀಗೆ ಬರೆಸಿರಲಾರಳು.

ಆದರೆ ಆ ಕಾಲದವರು ಬರೀ ಶ್ಲೋಕ ಕೆತ್ತಿ ಕೈತೊಳೆದುಕೊಂಡಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಶಾಸನಗಳಲ್ಲಿ ಅದರ ಹೆಸರು ನೆತ್ತರುಕೊಡಗೆ. ನೆತ್ತರಿಗೆ ಕೊಟ್ಟ ಕೊಡುಗೆ. ನನಗೆ ಕನ್ನಡದಲ್ಲಿ ಇಷ್ಟು ನೇರವಾದ ಇನ್ನೊಂದು ಪದ ಗೊತ್ತಿಲ್ಲ. ಶ್ಲೋಕ ಹೇಳಿದವರೇ ಲೆಕ್ಕವನ್ನೂ ಚುಕ್ತಾ ಮಾಡುತ್ತಿದ್ದರು. ನಮ್ಮ ಅಮ್ಮನಿಗೆ ಹಾರ ವರ್ಷ ವರ್ಷವೂ ಬಂತು. ಪಿಂಚಣಿ ಮಾತ್ರ ಒಂದು ಕಚೇರಿಯ ಮೇಜಿನ ಮೇಲೆ ಹದಿನಾಲ್ಕು ತಿಂಗಳು ಕೂತಿತ್ತು. ಅಷ್ಟೂ ತಿಂಗಳು ಮದ್ದೂರಿನಿಂದ ಮಂಡ್ಯಕ್ಕೆ ಬಸ್ಸು. ಪ್ರತಿ ಸಲವೂ ಒಂದು ಕಾಗದ ಕಮ್ಮಿ. ಕೊನೆಗೆ ಕೆಲಸ ಮಾಡಿಕೊಟ್ಟದ್ದು ಒಬ್ಬ ಗುಮಾಸ್ತರು. ಅವರ ಭಾವಮೈದುನನೂ ಸೈನ್ಯದಲ್ಲಿದ್ದನಂತೆ.

ಪಾಠದ ದಿನಗಳಲ್ಲಿ ನಾನು ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಮೊದಲು ದರಿಯಾ ದೌಲತ್, ಟಿಪ್ಪುವಿನ ಬೇಸಿಗೆ ಅರಮನೆ. ಅಲ್ಲಿನ ಪಶ್ಚಿಮದ ಗೋಡೆ ತುಂಬ 1780ರ ಪೊಲ್ಲಿಲೂರು ಕಾಳಗದ ಚಿತ್ರ. ಹೈದರಾಲಿ, ಟಿಪ್ಪು, ಆನೆ, ಕುದುರೆ, ಸ್ಫೋಟ. ನಡುವೆ ಸೋತ ಇಂಗ್ಲಿಷ್ ಕರ್ನಲ್ ಬೇಲಿ ಪಲ್ಲಕ್ಕಿಯೊಳಗೆ ಕೂತು ಬೆರಳು ಕಚ್ಚಿಕೊಂಡಿದ್ದಾನೆ. ಮಕ್ಕಳು ಅವನನ್ನು ಹುಡುಕಿ ಹುಡುಕಿ ನಗುತ್ತಿದ್ದರು. ಗೆದ್ದವರು ಬರೆಸಿದ ಚಿತ್ರ, ನಗಲಿ ಅಂತಲೇ ಬರೆಸಿದ್ದು. ಆಮೇಲೆ ಟಿಪ್ಪುವಿನ ಸಮಾಧಿ ಇರುವ ಗುಂಬಜ್ ಕಡೆಗೆ. ಅಲ್ಲೇ ಹತ್ತಿರದಲ್ಲಿ ಅದೇ ಕರ್ನಲ್ ಬೇಲಿಯ ಸ್ಮಾರಕ ಇದೆ. ಸೆರೆಯಲ್ಲಿದ್ದು 1782ರಲ್ಲಿ ಸತ್ತ. 1816ರಲ್ಲಿ ಅವನ ಅಣ್ಣತಮ್ಮಂದಿರ ಮಗನೊಬ್ಬ ಕಟ್ಟಿಸಿದ್ದು. 'ಮಿಸ್, ಇದು ಆ ಬೆರಳು ಕಚ್ಚಿದವನದ್ದಾ?' ಅಂತ ಯಾವುದಾದರೂ ಒಂದು ಮಗು ಕೇಳೇ ಕೇಳುತ್ತಿತ್ತು. ಹೌದು ಅಂದ ಮೇಲೆ ಸ್ವಲ್ಪ ಹೊತ್ತು ಯಾರೂ ನಗುತ್ತಿರಲಿಲ್ಲ.

ಕೋಟೆಯ ಪಶ್ಚಿಮಕ್ಕೆ, 1799ರಲ್ಲಿ ಗೋಡೆ ಒಡೆದ ಜಾಗದ ಹತ್ತಿರ, ಇನ್ನೊಂದು ಕಂಬ ಇದೆ. ಕೋಟೆಗೆ ಮುತ್ತಿಗೆ ಹಾಕಿ ಸತ್ತ ಬ್ರಿಟಿಷ್ ಪಡೆಯ ಅಧಿಕಾರಿಗಳ ಹೆಸರು ಅದರ ಮೇಲಿದೆ. 1907ರಲ್ಲಿ ನಮ್ಮ ಮೈಸೂರು ಸರ್ಕಾರವೇ ಹಾಕಿಸಿದ್ದು. ಮೇ 4ರಂದು ಟಿಪ್ಪುವಿನ ದೇಹ ಸಿಕ್ಕಿದ ಜಾಗಕ್ಕೂ ಒಂದು ಕಲ್ಲಿದೆ. ಅದೇ ದಿನ ಕೋಟೆಯೊಳಗೆ ಸತ್ತ ಸಾವಿರಾರು ಮೈಸೂರು ಸಿಪಾಯಿಗಳ ಹೆಸರಿನ ಕಲ್ಲು ನಾನಂತೂ ಕಂಡಿಲ್ಲ. ಅವರಲ್ಲೂ ಹಿಟ್ಟು ಹೊತ್ತವರು, ಗಾಡಿ ಹೊಡೆದವರು ಇದ್ದೇ ಇರುತ್ತಾರೆ. ಯಾಕೆ ಹೇಳಿದೆ ಅಂದರೆ, ಕಲ್ಲು ನೆಡಬಾರದು ಅಂತ ವಾದ ಮಾಡುವವರಿಗೆ ಕಲ್ಲಿಲ್ಲದವರ ಕಷ್ಟ ಗೊತ್ತಿರುವುದಿಲ್ಲ.

ಇನ್ನು ನಿಮ್ಮ ಮಗ. ಅವನ ಮೇಲೆ ಸಿಟ್ಟಾಗಬೇಡಿ. ಮುಂದಿನ ಜುಲೈಗೆ ಮುಂಚೆ ಶಾಲೆಯವರನ್ನು ಹೋಗಿ ಕಾಣಿ. ನಾಟಕ ಬಿಟ್ಟು ನಿಮ್ಮ ಸುತ್ತಮುತ್ತಲಿನ ಒಬ್ಬ ನಿವೃತ್ತ ಸೈನಿಕರನ್ನು ಕರೆಸಿ, ಮಕ್ಕಳು ಬೇಕಾದ್ದು ಕೇಳಲಿ ಅನ್ನಿ. ನಾನು ಒಂದು ಸಲ ಹೀಗೆ ಒಬ್ಬ ಸುಬೇದಾರರನ್ನು ಕರೆಸಿದ್ದೆ. ಮಕ್ಕಳು ಗುಂಡು, ಬಾಂಬು ಅಂತ ಕಾದು ಕೂತಿದ್ದರು. ಆ ಪುಣ್ಯಾತ್ಮರು ನಲವತ್ತು ನಿಮಿಷ ಕಾಲುಚೀಲದ ಬಗ್ಗೆ ಮಾತಾಡಿದರು! ಎತ್ತರದ ಜಾಗದಲ್ಲಿ ಒದ್ದೆ ಕಾಲುಚೀಲ ಬದಲಾಯಿಸದೇ ಮಲಗಿದರೆ ಬೆರಳು ಹೇಗೆ ಮೊದಲು ಬೆಳ್ಳಗಾಗಿ ಆಮೇಲೆ ಕಪ್ಪಾಗುತ್ತೆ, ಒಣ ಕಾಲುಚೀಲವನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಹೇಗೆ ಬೆಚ್ಚಗಿಡುತ್ತಿದ್ದರು, ಜೊತೆಗಾರನೊಬ್ಬ ಎರಡು ಬೆರಳು ಕಳೆದುಕೊಂಡಾಗ ಹೇಗೆ ಅತ್ತ. ಮೊದಲ ಹತ್ತು ನಿಮಿಷ ಹುಡುಗರಿಗೆ ನಿರಾಸೆ. ಆಮೇಲೆ ಯಾರೂ ಅಲುಗಲಿಲ್ಲ. ಆ ಕ್ಲಾಸಿನ ಇಬ್ಬರು ಮುಂದೆ ಸೈನ್ಯಕ್ಕೇ ಸೇರಿದರು, ಅದೂ ನಿಜ. ಆದರೆ ಕಾಲುಚೀಲದ ವಿಷಯ ಗೊತ್ತಿದ್ದು ಸೇರಿದರು. ನಿಮ್ಮ ಮಗ ನಾಳೆ ಅಗ್ನಿವೀರ ಆಗುತ್ತೇನೆ ಅಂದರೂ ತಡೆಯಬೇಡಿ. ನಾಲ್ಕು ವರ್ಷದ ಕೆಲಸ, ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ಕಾಲು ಭಾಗ ಜನರನ್ನು ಅಂತ 2022ರಲ್ಲಿ ಯೋಜನೆ ತಂದಾಗಲೇ ಹೇಳಿದ್ದಾರೆ. ಅದನ್ನು ಕೂರಿಸಿಕೊಂಡು ಹೇಳಿ, ಸಾಕು.

ಡಿಸೆಂಬರ್ 7ಕ್ಕೆ ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೆದುಕೊಂಡು ಬಂದಿದೆ. ಅವತ್ತು ಕೂಡಿದ ಹಣ ಮಾಜಿ ಸೈನಿಕರಿಗೆ, ಸತ್ತವರ ಮನೆಯವರಿಗೆ ಹೋಗುತ್ತೆ. ನಿಮ್ಮ ಯಜಮಾನರಿಗೆ ಆ ಪುಟ್ಟ ಧ್ವಜ ಒಂದು ಕೊಂಡು ತಂದುಕೊಡಿ. ಮನೆಯಲ್ಲಿ ಜಗಳ ಸ್ವಲ್ಪ ತಣ್ಣಗಾಗಬಹುದು.

ಪ್ರಶ್ನೆ: ಮೇಡಂ, ಸೆಪ್ಟೆಂಬರ್ 23ಕ್ಕೆ ಹೈಫಾ ದಿನ ಅಂತ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಎಲ್ಲರೂ ಹೆಮ್ಮೆ ಪಡುತ್ತಾರೆ. ಅವರು ಹೋರಾಡಿದ್ದು ಬ್ರಿಟಿಷರ ಪರವಾಗಿ. ಆಳುವವರ ಯುದ್ಧದಲ್ಲಿ ಸತ್ತವರನ್ನು ನಾವು ಯಾಕೆ ನೆನೆಯಬೇಕು?
– ಸ್ನಾತಕೋತ್ತರ ವಿದ್ಯಾರ್ಥಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ಹೆಮ್ಮೆ ಪಡಲೇಬೇಕು ಅಂತ ಏನಿಲ್ಲಪ್ಪ. ನೆನೆಯುವುದು ಬೇರೆ, ಹೆಮ್ಮೆ ಪಡುವುದು ಬೇರೆ. ನಿನ್ನ ಪ್ರಶ್ನೆಯಲ್ಲಿ ಎರಡೂ ಒಂದಾಗಿಬಿಟ್ಟಿವೆ.

1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ ಆಗಿನ್ನೂ ಮೂರು ವರ್ಷ. ಆ ದುಡ್ಡಲ್ಲಿ ಏನೇನು ಆಗಬಹುದಿತ್ತು ಅಂತ ಲೆಕ್ಕ ಹಾಕುವ ಅಭ್ಯಾಸ ನನಗಿದೆ, ಮಂಡ್ಯದವಳಲ್ವಾ. ದುಡ್ಡಿನ ಜೊತೆ ಜನರನ್ನೂ ಕುದುರೆಗಳನ್ನೂ ಕಳಿಸಿದರು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಸವಾರರು ಈಗಿನ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಹಿಡಿದುಕೊಂಡರು. ಎದುರಿಗೆ ತುರ್ಕಿಯವರ ಮೆಷಿನ್ ಗನ್ನು, ತೋಪು. ಇವರ ಕೈಯಲ್ಲಿ ಭರ್ಜಿ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕೀಶೋನ್ ಹೊಳೆಯ ಕೆಸರು. ಅವತ್ತು ಸತ್ತವರು 8 ಜನ, ಗಾಯಗೊಂಡವರು 34. ಸತ್ತ ಕುದುರೆ 60.

ಕುದುರೆಗಳ ಲೆಕ್ಕ ಯಾಕೆ ಹೇಳಿದೆ ಅಂತ ಕೇಳಬೇಡ. ಕುದುರೆಗೆ ಬ್ರಿಟಿಷರ ಪರ, ತುರ್ಕಿಯವರ ಪರ ಅಂತ ಏನೂ ಇರಲಿಲ್ಲ. ಸವಾರನಿಗೂ ಅದಕ್ಕಿಂತ ಬಹಳ ಹೆಚ್ಚೇನೂ ಇದ್ದಿರಲಾರದು. ಸಂಬಳ ಇತ್ತು, ದೊರೆಯ ಅನ್ನ ಉಂಡ ಋಣ ಇತ್ತು, ಪಕ್ಕದವನ ಮುಂದೆ ಹಿಂಜರಿಯಬಾರದು ಅನ್ನುವ ನಾಚಿಕೆ ಇತ್ತು. ಆ ಯುದ್ಧ ಸರಿಯಾ ತಪ್ಪಾ ಅನ್ನುವುದನ್ನು ಅವನ ಹೆಗಲಿಗೆ ಹಾಕಿದರೆ, ತೀರ್ಮಾನ ಮಾಡಿದವರು ಆರಾಮವಾಗಿ ತಪ್ಪಿಸಿಕೊಳ್ಳುತ್ತಾರೆ. ಅವರನ್ನು ಬಿಡಬೇಡ. ಸಾಮ್ರಾಜ್ಯಕ್ಕಾಗಿ ಹೋದರು ಅಂತಲೇ ಬರಿ, ಅದನ್ನು ಮುಚ್ಚಿಡಬೇಡ. ಜೊತೆಗೆ ಹೋದವರ ಹೆಸರನ್ನೂ ಬರಿ.

ದೆಹಲಿಯ ತೀನ್ ಮೂರ್ತಿಯಲ್ಲಿ ಮೂರು ಪ್ರತಿಮೆ ಇವೆ, 1922ರವು. ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಸವಾರರಿಗೆ ಒಂದೊಂದು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಅಂತಲೂ ಸೇರಿಸಿದರು. ಚೆಂದದ ಪ್ರತಿಮೆಗಳು. ಆದರೆ ನನಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಕಂಬವೇ ಹೆಚ್ಚು ಇಷ್ಟ. ಅದರ ಮೇಲೆ ಸತ್ತವರ ಹೆಸರುಗಳಿವೆ. ಪ್ರತಿಮೆಗೆ ಮೀಸೆ ಇರುತ್ತೆ, ಮೈಕಟ್ಟು ಇರುತ್ತೆ, ಮನೆ ವಿಳಾಸ ಇರುವುದಿಲ್ಲ. ಹೆಸರು ಇದ್ದರೆ ಯಾವ ಊರಿನವನು, ಮನೆಯವರು ಏನಾದರು ಅಂತ ಹುಡುಕಿಕೊಂಡು ಹೋಗಬಹುದು. ನೀನು ಇತಿಹಾಸದ ವಿದ್ಯಾರ್ಥಿ ಆಗಿದ್ದರೆ ಇದನ್ನೇ ಪ್ರಬಂಧಕ್ಕೆ ತಗೋ. ಹೈಫಾದಲ್ಲಿ ಏನಾಯಿತು ಅಂತ ಬೇಕಾದಷ್ಟು ಜನ ಬರೆದಿದ್ದಾರೆ. ಆ ಮನೆಗಳಲ್ಲಿ 1919ರಲ್ಲಿ ಏನಾಯಿತು ಅಂತ ಹುಡುಕಿ ಬರೆದರೆ ನಾನು ಮೊದಲ ಓದುಗಳು.

ಪ್ರಶ್ನೆ: ನಮ್ಮ ಗದ್ದೆ ಬದುವಿನಲ್ಲಿ ಒಂದು ವೀರಗಲ್ಲು ಅರ್ಧ ಹೂತಿದೆ. ಮೇಲೆ ಅಕ್ಷರ ಇದೆ. ರಸ್ತೆ ಅಗಲ ಮಾಡುವಾಗ ಜೆಸಿಬಿಯವರು ಎತ್ತಿ ಹಾಕುತ್ತಾರಂತೆ. ಹಳೇ ಕಾಲದ ಹೊಡೆದಾಟದ ಕಲ್ಲು, ಹೋದರೆ ಹೋಗಲಿ ಅಂತ ನಮ್ಮ ಮಾವ ಅನ್ನುತ್ತಾರೆ. ನೀವೇನಂತೀರಿ?
– ರೈತ ಮಹಿಳೆ, ಮಳವಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಮಾವನವರಿಗೆ ಆತಕೂರಿನ ಕಥೆ ಹೇಳಿ. ನಿಮ್ಮ ಪಕ್ಕದ ಮದ್ದೂರು ತಾಲ್ಲೂಕಿನದೇ ಊರು. ಸುಮಾರು 950ನೇ ಇಸವಿಯ ಕಲ್ಲು. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿ ಕೊಂದ ದೊಡ್ಡ ಯುದ್ಧದ ಸಂಗತಿ ಅದರಲ್ಲಿದೆ. ಆದರೆ ಕಲ್ಲು ನೆಟ್ಟದ್ದು ಯುದ್ಧಕ್ಕಲ್ಲ, ಒಂದು ನಾಯಿಗೆ! ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರ ಅನ್ನುವವನಿಗೆ ದೊರೆ ಮೆಚ್ಚಿ ಏನು ಬೇಕೋ ಕೇಳು ಅಂದ. ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅವನು ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಪೂಜೆ ಮಾಡದೇ ಊಟಕ್ಕೆ ಕೂತ ಗೊರವನಿಗೆ, ಅಂದರೆ ಅಲ್ಲಿನ ಶೈವ ಪೂಜಾರಿಗೆ, ಆ ನಾಯಿ ಮಾಡಿದ ಪಾಪ ಬರುತ್ತೆ ಅಂತಲೂ ಕೆತ್ತಿಸಿದ್ದಾನೆ.

ನಾಯಿ ನೂರು ಹಂದಿ ಕೊಂದಿತು ಅಂತ ಅವನು ಬರೆಸಲಿಲ್ಲ ನೋಡಿ. ಒಂದು ಹಂದಿ, ಒಂದು ನಾಯಿ. ತಕ್ಕೋಲದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಎಷ್ಟೋ ಭಾಗ ಉಳಿದದ್ದು ಈ ನಾಯಿಯ ಕಲ್ಲಿನಿಂದ. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಿಮ್ಮ ಬದುವಿನ ಕಲ್ಲಿನಲ್ಲಿ ಏನಿದೆಯೋ ಯಾರಿಗೆ ಗೊತ್ತು. ಯುದ್ಧವೇ ಇರಬೇಕು ಅಂತ ಇಲ್ಲ. ಕಳ್ಳರು ಹೊಡೆದುಕೊಂಡು ಹೋದ ದನ ಬಿಡಿಸಿಕೊಳ್ಳಲು ಹೋಗಿ ಸತ್ತವರ, ಊರ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವರ ಕಲ್ಲುಗಳು ಬೇಕಾದಷ್ಟಿವೆ. ಮೊದಲು ಫೋಟೋ ತೆಗೆಯಿರಿ, ಬೆಳಗ್ಗೆ ಓರೆ ಬಿಸಿಲಲ್ಲಿ. ಅಕ್ಷರ ಕಾಣಲಿ ಅಂತ ಬಣ್ಣ ಬಳಿಯಬೇಡಿ, ತಂತಿ ಬ್ರಷ್ಷಿನಲ್ಲಿ ಉಜ್ಜಬೇಡಿ. ನೀರು ಹಾಕಿ ಮೆತ್ತಗೆ ತೊಳೆದರೆ ಸಾಕು. ರಾಜ್ಯದ ಪುರಾತತ್ವ ಇಲಾಖೆಯ ಮುಖ್ಯ ಕಚೇರಿ ಮೈಸೂರಿನಲ್ಲೇ ಇದೆ. ಅಲ್ಲಿಗೊಂದು, ನಿಮ್ಮ ತಹಶೀಲ್ದಾರರಿಗೊಂದು ಅರ್ಜಿ, ಫೋಟೋ ಸಮೇತ. ಓದಿಸಬೇಕಾದರೆ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ವಿಚಾರಿಸಿ. ಜೆಸಿಬಿ ಬರುವ ಮುಂಚೆ ಈ ಕೆಲಸ ಆಗಲಿ. ನಿಮ್ಮ ಮಾವನವರು ಬೈದರೆ ನನ್ನ ಹೆಸರು ಹೇಳಿ.

ಪ್ರಶ್ನೆ: ನಮ್ಮೂರ ಸರ್ಕಲ್ಲಿನಲ್ಲಿ ನಮ್ಮ ಚಿಕ್ಕಪ್ಪನ ಹೆಸರಿನ ಫಲಕ ಇದೆ. ಸೈನ್ಯದಲ್ಲಿದ್ದು ಸತ್ತವರು. ಹೆಸರಿನ ಒಂದು ಅಕ್ಷರ ತಪ್ಪಾಗಿದೆ, ಇಸವಿಯೂ ತಪ್ಪು. ಸಣ್ಣ ವಿಷಯ ಅಂತ ಎಲ್ಲರೂ ಸುಮ್ಮನಿದ್ದಾರೆ. ಸರಿ ಮಾಡಿಸಬೇಕಾ?
– ಓದುಗರು, ತಿ. ನರಸೀಪುರ

ಉತ್ತರ: ಮಾಡಿಸಿ. ಸಣ್ಣ ವಿಷಯ ಅಲ್ಲ. ಬಣ್ಣದ ಬೋರ್ಡ್ ಆಗಿದ್ದರೆ ಅರ್ಧ ಗಂಟೆ ಕೆಲಸ. ಕಲ್ಲಾದರೆ ಈಗಲೇ ಹೇಳಿಬಿಡುತ್ತೇನೆ, ಕಷ್ಟ. ನಮ್ಮಣ್ಣನ ಕಲ್ಲಿನಲ್ಲೂ 1971ರ ಬದಲು 1972 ಅಂತ ಕೆತ್ತಿದ್ದರು. ಟ್ರಂಕು ಬಂದ ವರ್ಷವನ್ನೇ ಸತ್ತ ವರ್ಷ ಅಂದುಕೊಂಡಿದ್ದರೋ ಏನೋ. ಕಲ್ಲುಕುಟಿಗನನ್ನು ಕರೆದರೆ ಅವನು 2ನ್ನು ಹೊಡೆದುಹಾಕಿ 1 ಮಾಡಬಹುದು, ಆದರೆ ಅಲ್ಲಿ ಗುಳಿ ಬೀಳುತ್ತೆ ಅಂದ. ಅಮ್ಮ ಬೀಳಲಿ ಅಂದಳು. ಗುಳಿ ಇನ್ನೂ ಇದೆ, ಮಳೆ ಬಂದಾಗ ಅದರಲ್ಲಿ ನೀರು ನಿಲ್ಲುತ್ತೆ.

ಗ್ರಾಮ ಪಂಚಾಯಿತಿಗೋ ಪುರಸಭೆಗೋ, ಯಾರ ವ್ಯಾಪ್ತಿಗೆ ಬರುತ್ತೋ ಅವರಿಗೆ ಅರ್ಜಿ ಕೊಡಿ. ಚಿಕ್ಕಪ್ಪನ ಸೇವಾ ದಾಖಲೆಯ ನಕಲು, ಮರಣ ಪ್ರಮಾಣಪತ್ರ ಜೊತೆಗಿರಲಿ. ಸರಿಯಾದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬೇರೆ ಹಾಳೆಯಲ್ಲಿ ಬರೆದುಕೊಡಿ, ಇಲ್ಲದಿದ್ದರೆ ಬರೆಯುವವನು ಇನ್ನೊಂದು ತಪ್ಪು ಮಾಡುತ್ತಾನೆ. ಅರ್ಜಿ ಕೊಟ್ಟ ದಿನವೇ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.